ಮೂವತ್ತಾರು ಗೂಡು

ನಮ್ಮ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು. ಎದುರಿಗೂ ಅದೇ ಹೆಸರು, ಬೆನ್ನ ಹಿಂದೆಯೂ ಅದೇ ಹೆಸರು. ಅಂಥ ಭಾಗ್ಯ ಅಲ್ಲಿ ಇನ್ನೊಬ್ಬರಿಗಿರಲಿಲ್ಲ. ಕುತ್ತಿಗೆಯಲ್ಲೊಂದು ಕಪ್ಪು ದಾರ, ದಾರದ ತುದಿಗೆ ಹಿತ್ತಾಳೆಯ ಸಣ್ಣ ಬೀಗದಕೈ. ಅದು ತೆರೆಯುತ್ತಿದ್ದದ್ದು ಒಂದೇ ಒಂದು ಬೀರುವನ್ನು. ಮ್ಯಾನೇಜರೇ ಬಂದು ಕೇಳಿದರೂ ದಾರ ಬಿಚ್ಚುತ್ತಿರಲಿಲ್ಲ. "ನಾನೇ ಬರ್ತೀನಿ ಸಾರ್" ಎಂದು ಎದ್ದು ಹೋಗಿ, ತೆರೆದು, ಬೇಕಾದ್ದನ್ನು ಕೊಟ್ಟು, ಮತ್ತೆ ಬೀಗ ಹಾಕಿ, ಒಂದು ಸಲ ಎಳೆದು ನೋಡಿ ಬರುತ್ತಿದ್ದರು.

ಇಷ್ಟು ಜೋಪಾನ ಮಾಡಿದ ಬೀರು ಕೊನೆಗೆ ಅವರಿಗೇನು ಮಾಡಿತು ಎಂಬುದನ್ನು ಹೇಳಲು ಕೂತಿದ್ದೇನೆ. ಹೇಳುವಾಗ ಹೊಟ್ಟೆ ಉರಿಯುತ್ತದೆ. ಆ ಉರಿಯಲ್ಲಿ ಅರ್ಧ ನನ್ನ ಮೇಲೆಯೇ, ಯಾಕೆಂದರೆ ಹನ್ನೆರಡು ವರ್ಷ ಅವರ ಎದುರು ಮೇಜಿನಲ್ಲಿ ಕೂತಿದ್ದ ಟೈಪಿಸ್ಟು ನಾನು.

ನಮ್ಮದು ಬ್ಯಾಟರಿ ಕಾರ್ಖಾನೆ. ಹಿಂದಿನ ಶೆಡ್ಡಿನಲ್ಲಿ ಸೀಸ ಕರಗಿಸುತ್ತಾರೆ, ಮುಂದಿನ ಕಟ್ಟಡದಲ್ಲಿ ನಾವು ಕಾಗದ ಸವೆಸುತ್ತೇವೆ. ಶೆಡ್ಡಿನ ಗೋಡೆಯ ಮೇಲೆ ಒಂದು ಮೀಟರಿದೆ. ಗಾಳಿಯಲ್ಲಿ ಸೀಸದ ಧೂಳು ಎಷ್ಟಿದೆ ಎಂದು ಗಂಟೆಗೊಮ್ಮೆ ಅಳೆದು ಕಂಪ್ಯೂಟರಿಗೆ ಕಳಿಸುವುದು ಅದರ ಕೆಲಸ. ಆ ಕಾಲದ ಕಂಪ್ಯೂಟರಿನ ಹೊಟ್ಟೆ ಚಿಕ್ಕದು, ಎರಡು ತಿಂಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಹಾಗಾಗಿ ತಿಂಗಳ ಕೊನೆಯ ದಿನ ಬೀಗದಕ್ಕ ಎಲ್ಲವನ್ನೂ ಒಂದು ಟೇಪಿಗೆ ಇಳಿಸಿ, ಅದರ ಬೆನ್ನಿಗೆ ಚೀಟಿ ಅಂಟಿಸಿ, ಬೀರುವಿನಲ್ಲಿಡುತ್ತಿದ್ದರು. ಬ್ಯಾಕಪ್ಪು ಅಂದರೆ ನಮ್ಮಲ್ಲಿ ಇಷ್ಟೇ. ಟೇಪಿನಲ್ಲಿದ್ದರೆ ಉಂಟು, ಇಲ್ಲದಿದ್ದರೆ ಆ ತಿಂಗಳು ನಡೆಯಲೇ ಇಲ್ಲ.

ಆ ಬೀರುವಿಗೊಂದು ಪೂರ್ವಾಶ್ರಮವಿತ್ತು. ಬಡಗಿ ಅದನ್ನು ಮಾಡಿದ್ದು ಟೇಪಿಗಲ್ಲ, ಬೂಟಿಗೆ. ಶೆಡ್ಡಿನ ಮೂವತ್ತಾರು ಕೆಲಸಗಾರರು ಸೀಸದ ಧೂಳು ಮೆತ್ತಿದ ಬೂಟು ಮನೆಗೊಯ್ಯಬಾರದು ಎಂದು ತಪಾಸಣೆಗೆ ಬಂದವರು ಬರೆದು ಹೋಗಿದ್ದರು. ಬಡಗಿ ಮೂವತ್ತಾರು ಗೂಡು ಮಾಡಿ, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಬರೆದ. ಅದು ಶೆಡ್ಡಿನಲ್ಲಿ ನಾಲ್ಕು ತಿಂಗಳಿತ್ತೋ ಏನೋ. ಅಷ್ಟರಲ್ಲಿ ಟೇಪುಗಳಿಗೆ ಬೀಗವಿರುವ ಬೀರು ಬೇಕಾಯಿತು. "ಬೂಟು ನೆಲದ ಮೇಲೂ ಕೂತ್ಕೊಳ್ಳುತ್ತೆ, ಅದನ್ನ ಇಲ್ಲಿಗೆ ತರಿಸಿ" ಎಂದರು ಮ್ಯಾನೇಜರು. ಬೀರು ಮುಂದಿನ ಕಟ್ಟಡಕ್ಕೆ ಬಂತು. ಕೆಲಸಗಾರರು ಮೊದಲಿನಂತೆ ಅದೇ ಬೂಟಿನಲ್ಲಿ ಮನೆಗೆ ನಡೆದರು.

ಅವರಲ್ಲಿ ಹತ್ತೊಂಬತ್ತನೇ ನಂಬರಿನವನು ಬೀಗದಕ್ಕನ ತಮ್ಮ.

ತಮ್ಮ ಎನ್ನುವುದಕ್ಕಿಂತ ಮಗ ಎನ್ನಬೇಕು. ಅವರ ಅಪ್ಪ ಕುಡಿದು ಕುಡಿದೇ ಸತ್ತವರು. ಬೀದಿಯಲ್ಲಿ ಬಿದ್ದ ಅಪ್ಪನನ್ನು ತೋಳು ಒಬ್ಬರು, ಕಾಲು ಒಬ್ಬರು ಹಿಡಿದು ಮನೆಗೆ ತರುತ್ತಿದ್ದದ್ದು ಈ ಇಬ್ಬರೇ ಮಕ್ಕಳು. ಆಗ ಅಕ್ಕನಿಗೆ ಹದಿನಾಲ್ಕು, ತಮ್ಮನಿಗೆ ಏಳು. ಅಮ್ಮ ಹಾಸಿಗೆ ಹಿಡಿದಿದ್ದರು. ಅಕ್ಕ ದುಡಿದು ತಮ್ಮನನ್ನು ಸಾಕಿದರು, ಓದಿಸಿದರು, ಓದು ತಲೆಗೆ ಹತ್ತದಾಗ ಮ್ಯಾನೇಜರ ಮುಂದೆ ನಿಂತು ಶೆಡ್ಡಿನಲ್ಲಿ ಕೆಲಸ ಕೊಡಿಸಿದರು, ಮದುವೆ ಮಾಡಿದರು. ತಮ್ಮದೇ ಮದುವೆಯ ಮಾತು ಎತ್ತಿದವರಿಗೆ "ಒಬ್ಬನ್ನ ಸಾಕಿ ಸಾಕಾಯ್ತು" ಎಂದು ನಗುತ್ತಿದ್ದರು. ಆ ಹುಡುಗ ಒಂದು ಹನಿಯೂ ಕುಡಿದವನಲ್ಲ. ಗಾಯಕ್ಕೆ ಸ್ಪಿರಿಟ್ ಹಚ್ಚಿದರೂ ವಾಸನೆಗೆ ಮುಖ ತಿರುಗಿಸುತ್ತಿದ್ದ. ಊಟದ ಬಿಡುವಿನಲ್ಲಿ ನಮ್ಮ ಕೋಣೆಯ ಕಿಟಕಿಗೆ ಬಂದು, "ಅಕ್ಕಾ, ನನ್ನ ಹತ್ತೊಂಬತ್ತನೇ ಗೂಡಲ್ಲಿ ಏನಿಟ್ಟಿದೀಯ? ಬಾಡಿಗೆ ಕೊಡು" ಎಂದು ಕಾಡುತ್ತಿದ್ದ.

ಬೀರು ಬಂದ ಹೊಸತರಲ್ಲೇ ಮೇಲಿನ ಕಚೇರಿಯಿಂದ ಒಂದು ನಮೂನೆ ಬಂತು. ಬ್ಯಾಕಪ್ಪುಗಳನ್ನು ಎಷ್ಟು ವರ್ಷ ಇಡುತ್ತೀರಿ, ಯಾಕೆ, ತಿಳಿಸಿ. ಮ್ಯಾನೇಜರು ನಮ್ಮಿಬ್ಬರನ್ನು ಕರೆದರು. ಸಭೆ ಎಂದು ನಾನು ಟೈಪು ಮಾಡಿದ್ದು ಅದನ್ನೇ. ತಂದಿಟ್ಟ ಚಹಾ ಆರುವಷ್ಟರಲ್ಲಿ ಮುಗಿದಿತ್ತು.

"ಎಷ್ಟು ಅಂತ ಬರೆಯೋಣ?" ಎಂದರು ಮ್ಯಾನೇಜರು. "ಐದಾ? ಹತ್ತಾ?"

ಬೀಗದಕ್ಕ ಸ್ವಲ್ಪ ಯೋಚಿಸಿದರು. "ಬೀರುಲಿ ಮೂವತ್ತಾರು ಗೂಡಿವೆ ಸಾರ್. ತಿಂಗಳಿಗೊಂದು ಟೇಪು. ಮೂವತ್ತೇಳನೇ ತಿಂಗಳಿಗೆ ಜಾಗ ಇಲ್ಲ."

"ಅಂದ್ರೆ ಮೂರು ವರ್ಷ! ಸರಿಯಾಗಿ ಕೂತ್ಕೊಳ್ತಲ್ಲ!" ಮ್ಯಾನೇಜರು ಮೇಜು ತಟ್ಟಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮೂರು ವರ್ಷ ಅಂತ ಬರೀರಿ."

ಬಡಗಿ ಬೂಟಿಗೆಂದು ಮಾಡಿದ ಲೆಕ್ಕ ಕಾರ್ಖಾನೆಯ ನಿಯಮವಾದದ್ದು ಹೀಗೆ. ಆದರೆ 'ಯಾಕೆ' ಎಂಬ ಖಾನೆಯೊಂದಿತ್ತಲ್ಲ, ಅದನ್ನು ತುಂಬಿದವನು ನಾನು. 'ಸಂಸ್ಥೆಯ ಅಗತ್ಯಗಳನ್ನು ಕೂಲಂಕಷವಾಗಿ ಪರಿಶೀಲಿಸಿ' ಎಂದು ಹೊಡೆದೆ. ಕೂಲಂಕಷ ಎಂಬ ಪದದ ಮೇಲೆ ಆಗ ನನಗೆ ಬಹಳ ಪ್ರೀತಿ. ನಮೂನೆಯಲ್ಲಿ ಇನ್ನೂ ಎರಡು ಸಾಲಿದ್ದವು: ಕಾರ್ಮಿಕರ ವೈದ್ಯಕೀಯ ಕಡತಗಳು ಮತ್ತು ಕಚೇರಿಯ ರಿಜಿಸ್ಟರುಗಳು. ಕಾಗದಕ್ಕೆ ಹಿಂದೆ ಒಂದು ಖಾಲಿ ಕೋಣೆಯೇ ಇತ್ತು. "ಅವೆಲ್ಲ ಇರ್ಲಿ ಬಿಡಿ" ಎಂದರು ಮ್ಯಾನೇಜರು. ನಾನು ಎರಡಕ್ಕೂ 'ಶಾಶ್ವತ' ಎಂದು ಹೊಡೆದೆ.

ಮುಂದಿನ ವರ್ಷ ಶೆಡ್ಡಿನ ಹೊಗೆ ಎಳೆಯುವ ದೊಡ್ಡ ಫ್ಯಾನು ಕೆಟ್ಟು ನಿಂತಿತು. ಹೊಸದಕ್ಕೆ ಬರೆದ ಪತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತೀರ್ಥಯಾತ್ರೆ ಮಾಡಿ ಬರುವಷ್ಟರಲ್ಲಿ ಹದಿನಾಲ್ಕು ತಿಂಗಳಾಯಿತು. ಆ ಹದಿನಾಲ್ಕು ತಿಂಗಳೂ ಮೂವತ್ತಾರು ಜನ ಅದೇ ಗಾಳಿ ಕುಡಿದರು. ಮೀಟರು ತನ್ನ ಪಾಡಿಗೆ ಅಳೆದು ಕಳಿಸಿತು. ಬೀಗದಕ್ಕ ಟೇಪಿಗಿಳಿಸುವಾಗ ಪರದೆಯ ಮೇಲೆ ಒಂದೊಂದು ಸಲ ನೋಡಿ, "ಈ ಗೆರೆ ಮೇಲಕ್ಕೆ ಹೋದದ್ದು ಕೆಳಗೇ ಇಳೀತಿಲ್ಲ ಕಣೋ" ಎನ್ನುತ್ತಿದ್ದರು. ಏಳನೇ ಗೂಡಿನಿಂದ ಇಪ್ಪತ್ತನೇ ಗೂಡಿನವರೆಗೆ ಆ ತಿಂಗಳುಗಳು ಸಾಲಾಗಿ ಕೂತವು.

ಮೂವತ್ತಾರು ಗೂಡು ತುಂಬಿದ ಮೇಲೆ ಒರೆಸುವ ಕೆಲಸ ಶುರುವಾಯಿತು. ತಿಂಗಳ ಕೊನೆಗೆ ಅತಿ ಹಳೆಯ ಟೇಪು ತೆಗೆದು, ಮೆಷಿನ್ನಿಗೆ ಹಾಕಿ, ಇದ್ದದ್ದನ್ನು ಒರೆಸಿ, ಹೊಸ ತಿಂಗಳನ್ನು ತುಂಬುವುದು. ಇದಕ್ಕೆಂದು ಬೀಗದಕ್ಕ ತಾವೇ ಒಂದು ಉದ್ದ ಪುಸ್ತಕ ಹಾಕಿದ್ದರು. ಗೂಡಿನ ನಂಬರು, ಯಾವ ತಿಂಗಳು, ಒರೆಸಿದ ದಿನ, ಕೆಳಗೆ ತಮ್ಮದೊಂದು ಸಹಿ, ಮ್ಯಾನೇಜರದೊಂದು ಸಹಿ. ಮುತ್ತು ಪೋಣಿಸಿದಂಥ ಅಕ್ಷರ. "ಯಾರು ಕೇಳಿದ್ರು ಅಂತ ಬರೀತೀರಿ ಅಕ್ಕಾ?" ಎಂದು ನಾನು ಕೆಣಕಿದರೆ, "ಬರೀದೇ ಒರೆಸಿದ್ರೆ ಕಳ್ಳತನ ಕಣೋ" ಎನ್ನುತ್ತಿದ್ದರು.

ಏಳನೇ ಗೂಡಿನ ಸರದಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಟೇಪು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಆಮೇಲೆ ಮ್ಯಾನೇಜರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ನನಗೆಲ್ಲ ಕೇಳಿಸಿತು.

"ಫ್ಯಾನು ಕೆಟ್ಟಿದ್ದ ಕಾಲದ್ದು ಸಾರ್ ಇದು. ಇಟ್ಕೊಂಡ್ರೆ ಒಳ್ಳೇದೇನೋ."

"ಎಲ್ಲಿ ಇಡ್ತೀರಿ?"

ಅಕ್ಕ ಟೇಪಿನ ಬೆನ್ನಿನ ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿದರು.

"ನೀವೇ ಹೇಳಿದ್ದಲ್ವಾ, ಮೂವತ್ತಾರೇ ಗೂಡು ಅಂತ? ಇದೊಂದನ್ನ ಇಟ್ರೆ ಇನ್ನೊಂದು, ಆಮೇಲೆ ಮತ್ತೊಂದು. ನಿಯಮ ಅಂದ್ಮೇಲೆ ನಿಯಮ. ತನ್ನಿ ಪುಸ್ತಕ, ಸಹಿ ಹಾಕ್ತೀನಿ."

ಮ್ಯಾನೇಜರು ಕೆಟ್ಟವರೇನಲ್ಲ, ಆ ಕಾಲದಲ್ಲಿ ಮೀಟರು ಏನು ತೋರಿಸಿತ್ತು ಎಂಬುದೂ ಅವರಿಗೆ ನೆನಪಿತ್ತು, ಅದು ಮೇಲಿನ ಕಚೇರಿಗೆ ಗೊತ್ತಾದರೆ ಏನಾಗುತ್ತದೆ ಎಂಬುದೂ ನೆನಪಿತ್ತು, ಅಷ್ಟೆ. ಅಕ್ಕ ಹೊರಗೆ ಬಂದು ನನ್ನ ಮುಖ ನೋಡಿದರು. ಒಂದು ಮಾತು ಆಡಬಹುದಿತ್ತು ನಾನು. ನನ್ನ ಡ್ರಾಯರಿನಲ್ಲಿ ಒಂದು ಟೇಪು ಬಚ್ಚಿಡುವಷ್ಟು ಜಾಗವಿತ್ತು. "ಹೋಗ್ಲಿ ಬಿಡಿ ಅಕ್ಕಾ, ಯಾರಿಗೆ ಬೇಕು ಆ ಹಳೇ ಲೆಕ್ಕ" ಎಂದೆ. ಅವರು ಒರೆಸಿದರು, ಪುಸ್ತಕದಲ್ಲಿ ಬರೆದರು. ಮುಂದಿನ ತಿಂಗಳು ಎಂಟನೆಯದು, ಅದರ ಮುಂದಿನ ತಿಂಗಳು ಒಂಬತ್ತನೆಯದು. ಹತ್ತೊಂಬತ್ತನೆಯದೂ ಹೋಯಿತು. ಆ ಹೊತ್ತಿಗೆ ತಮ್ಮನಿಗೆ ಆಗಾಗ ಹೊಟ್ಟೆ ಹಿಂಡಿದಂತಾಗುತ್ತಿತ್ತು. ಅಕ್ಕ ಅವನನ್ನು ಶೆಡ್ಡಿನಿಂದ ಪ್ಯಾಕಿಂಗಿಗೆ ಹಾಕಿಸಿದರು, ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ ಎಂದು ಮನೆಯಲ್ಲಿ ಬೈದರು.

ಬೀರು ಬಂದು ಒಂಬತ್ತು ವರ್ಷವಾದಾಗ ಅವನ ಕೈ ನಡುಗತೊಡಗಿತು. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ನಡೆಯುವಾಗ ಕಾಲು ಅಡ್ಡಾದಿಡ್ಡಿ ಬೀಳುತ್ತಿತ್ತು. ಕಾರ್ಖಾನೆಯ ಡಾಕ್ಟರು ಒಂದು ಬೆಳಿಗ್ಗೆ ಹತ್ತು ನಿಮಿಷ ನೋಡಿದರು. ಮನೆಯಲ್ಲಿ ಯಾರಾದರೂ ಕುಡಿಯುತ್ತಿದ್ದರಾ ಎಂದು ಕೇಳಿದರು. ಸುಳ್ಳು ಹೇಳಲು ಬಾರದ ಹುಡುಗ, "ಅಪ್ಪ ಕುಡೀತಿದ್ರು ಸಾರ್" ಎಂದ. ಡಾಕ್ಟರು ಕಡತದಲ್ಲಿ ಬರೆದದ್ದು: 'ಮೂತ್ರಪಿಂಡ ಕೆಟ್ಟಿದೆ. ಕಾರಣ: ದೀರ್ಘಕಾಲದ ಕುಡಿತ.' ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ಸತ್ತು ಇಪ್ಪತ್ತು ವರ್ಷದ ಮೇಲೆ ಬರೆ ಬಿತ್ತು.

ಊರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಬೇರೆ ಮಾತು ಹೇಳಿದರು. ಇದು ಸೀಸದ ಕೆಲಸ. ಆದರೆ ಶೆಡ್ಡು ಬಿಟ್ಟು ವರ್ಷಗಳಾಗಿವೆ, ಈಗ ರಕ್ತದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆ ಕಾಲದಲ್ಲಿ ಶೆಡ್ಡಿನ ಗಾಳಿಯಲ್ಲಿ ಎಷ್ಟು ಸೀಸವಿತ್ತು ಎಂಬ ಲೆಕ್ಕ ತನ್ನಿ, ನಾನು ಬರೆದುಕೊಡುತ್ತೇನೆ. ಹುಡುಗ ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟ. ಅವನಿಗೆ ಬೇಕಾಗಿದ್ದದ್ದು ಒಂದೇ. "ಔಷಧಿ ಕೊಡ್ಲಿ, ಬಿಡ್ಲಿ. ಆ ಕುಡಿತ ಅನ್ನೋ ಪದ ಮಾತ್ರ ತೆಗೆಸ್ಬೇಕು ಅಕ್ಕಾ. ಅಪ್ಪನ್ನ ಹೊತ್ತು ತಂದಿದ್ದು ಸಾಲದಾ?"

ನೋಟೀಸು ಕಾರ್ಖಾನೆಗೆ ಬಂದ ದಿನ ಬೀಗದಕ್ಕ ಬೀರು ತೆರೆದು ಅದರ ಮುಂದೆ ನೆಲದ ಮೇಲೆ ಕೂತರು. ಏಳರಿಂದ ಇಪ್ಪತ್ತು. ಎಲ್ಲದರಲ್ಲೂ ಕಳೆದ ವರ್ಷದ್ದೋ ಅದರ ಹಿಂದಿನ ವರ್ಷದ್ದೋ ಇತ್ತು. ಏನಿದೆಯೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಒಂದೊಂದನ್ನೇ ಹೊರತೆಗೆದು ಚೀಟಿ ಓದಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತ ಹೋದರು. ಆಮೇಲೆ ಮತ್ತೆ ಒಳಗಿಡುವಾಗ ಏನು ತೋಚಿತೋ, ಏಳನೇ ಗೂಡಿನಲ್ಲಿ ಎರಡು ಟೇಪು ಇಟ್ಟರು. ಪಕ್ಕದಲ್ಲಿ ಮೂರನೆಯದು. ನಾಲ್ಕನೆಯದೂ ಹಿಡಿಯಿತು, ಬೆರಳು ತೂರಿಸಿ ತೆಗೆಯುವಷ್ಟು ಜಾಗವೂ ಉಳಿಯಿತು.

ಒಂದು ಜೊತೆ ದಪ್ಪ ಬೂಟಿಗೆ ಮಾಡಿದ ಗೂಡು ಅದು. ಹಿಡಿಯದೆ ಏನು?

"ನಾಲ್ಕು ಹಿಡಿಯುತ್ತೆ" ಎಂದರು ಅಕ್ಕ, ನನ್ನ ಕಡೆ ತಿರುಗದೆ. "ಮೂವತ್ತಾರು ನಾಲ್ಕಲೆ ನೂರಾ ನಲವತ್ತನಾಲ್ಕು. ಹನ್ನೆರಡು ವರ್ಷ ಕಣೋ."

ಒಂಬತ್ತು ವರ್ಷ ದಿನವೂ ಆ ಬೀರು ನೋಡಿದ್ದೆವು. ಗೂಡಿನ ಮೇಲೆ ಒಂದು ನಂಬರು ಬರೆದಿತ್ತು, ಅದಕ್ಕೇ ಒಂದು ಟೇಪು ಇಟ್ಟೆವು. ಅಚ್ಚುಕಟ್ಟಿನ ಹೆಂಗಸು ಅವರು, ಒಂದು ನಂಬರಿನ ಕೆಳಗೆ ಎರಡು ತಿಂಗಳು ಇಡುವುದು ಅವರಿಗೆ ಹೊಳೆಯುವ ಮಾತೇ ಅಲ್ಲ. ನಮಗಾದರೂ ಹೊಳೆಯಬಹುದಿತ್ತು, ನಮಗೆ ಅಚ್ಚುಕಟ್ಟೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ. ಹಾಸಿಗೆ ನಾಲ್ಕು ಪಟ್ಟು ಉದ್ದವಿತ್ತು. ನಾವೇ ಕಾಲು ಮಡಚಿ ಮಲಗಿದ್ದೆವು.

ವಿಚಾರಣೆ ಕಾರ್ಮಿಕ ಕಚೇರಿಯ ಮಹಡಿಯ ಮೇಲೆ, ಗೋಡೆಯ ಸುಣ್ಣ ಉದುರುತ್ತಿದ್ದ ಒಂದು ಕೋಣೆಯಲ್ಲಿ. ಅಧಿಕಾರಿಣಿ ಕನ್ನಡಕ ಹಣೆಗೆ ಏರಿಸಿಕೊಂಡು ಕೂತಿದ್ದರು. ಒಂದು ಕಡೆ ಬೀಗದಕ್ಕ ಮತ್ತು ತಮ್ಮ, ಇನ್ನೊಂದು ಕಡೆ ಮ್ಯಾನೇಜರು, ಅವರ ಪಕ್ಕ ಕಾಗದದ ಚೀಲ ಹಿಡಿದುಕೊಂಡು ನಾನು. ನಾನು ಯಾವ ಕಡೆ ಕೂತಿದ್ದೆ ಎಂದು ಯಾರೂ ಕೇಳಲಿಲ್ಲ; ನಾನೇ ಹೇಳುತ್ತಿದ್ದೇನೆ.

"ಫ್ಯಾನು ಕೆಟ್ಟಿದ್ದ ತಿಂಗಳುಗಳ ಮೀಟರ್ ಲೆಕ್ಕ ಕೊಡಿ" ಎಂದರು ಅಧಿಕಾರಿಣಿ.

ಮ್ಯಾನೇಜರು ಲೆಕ್ಕ ಕೊಡಲಿಲ್ಲ, ಪುಸ್ತಕ ಕೊಟ್ಟರು. ಬೀಗದಕ್ಕನ ಪುಸ್ತಕ. "ನಿಯಮದ ಪ್ರಕಾರ ಮೂರು ವರ್ಷ ಇಟ್ಟು ಒರೆಸಿದೀವಿ ಮೇಡಂ. ಏನನ್ನೂ ಮುಚ್ಚಿಟ್ಟಿಲ್ಲ. ಪ್ರತಿಯೊಂದಕ್ಕೂ ದಾಖಲೆ ಇದೆ."

ಅಧಿಕಾರಿಣಿ ಪುಟ ತಿರುಗಿಸಿದರು. ಅವರ ಮುಖದಲ್ಲಿ ಮೆಚ್ಚುಗೆ ಕಂಡದ್ದನ್ನು ನಾನು ಈಗಲೂ ಮರೆತಿಲ್ಲ. "ಇಷ್ಟು ಚೆನ್ನಾಗಿ ಬರೆದವ್ರು ಯಾರು?"

"ನಾನೇ" ಎಂದರು ಬೀಗದಕ್ಕ.

"ನೀವು ಅರ್ಜಿದಾರರಿಗೆ ಏನಾಗಬೇಕು?"

"ಅಕ್ಕ."

ಅಧಿಕಾರಿಣಿ ಕನ್ನಡಕ ಕಣ್ಣಿಗಿಳಿಸಿ ಅವರನ್ನು ನೋಡಿದರು. "ಮೂರು ವರ್ಷ ಅಂತ ನಿರ್ಧಾರ ಮಾಡಿದ್ದು ಯಾವ ಆಧಾರದ ಮೇಲೆ?"

"ಕೂಲಂಕಷವಾಗಿ ಪರಿಶೀಲಿಸಿ ಮೇಡಂ, ಇಲ್ಲಿದೆ ನೋಡಿ" ಎಂದು ಮ್ಯಾನೇಜರು ನಾನು ಹೊಡೆದ ಹಾಳೆ ಮುಂದಿಟ್ಟರು.

"ಬೀರುಲಿ ಮೂವತ್ತಾರು ಗೂಡಿದ್ವು ಮೇಡಂ" ಎಂದರು ಬೀಗದಕ್ಕ. "ನಾನು ಎಣಿಸಿ ಹೇಳ್ದೆ. ಬೂಟಿನ ಬೀರು ಅದು. ನಾಲ್ಕು ಹಿಡೀತಿತ್ತು. ನಾನು ಒಂದೊಂದೇ ಇಟ್ಟೆ."

ಬಾಗಿಲ ಬಳಿ ಕೂತಿದ್ದ ಗುಮಾಸ್ತ ಕಿಸಕ್ಕೆಂದು ನಕ್ಕ. ಅಧಿಕಾರಿಣಿಗೆ ಮಾತು ಅರ್ಥವಾಗಲಿಲ್ಲ, ಅಥವಾ ಅರ್ಥವಾಗಿ ಬರೆಯಲು ಖಾನೆ ಸಿಗಲಿಲ್ಲ. ಲೆಕ್ಕವಿಲ್ಲದ ಕಾರಣ ಕಾರ್ಖಾನೆಯ ಡಾಕ್ಟರ ಟಿಪ್ಪಣಿಯೇ ನಿಲ್ಲುತ್ತದೆ ಎಂದು ಬರೆಸಿದರು. ಮ್ಯಾನೇಜರು ಎದ್ದು, ಬೀಗದಕ್ಕನ ಹತ್ತಿರ ಬಂದು, "ನಿಮ್ಮ ಪುಸ್ತಕ ಇದ್ದದ್ದಕ್ಕೆ ಕಾರ್ಖಾನೆ ಮರ್ಯಾದೆ ಉಳೀತು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅದಕ್ಕೇ ಅವರ ಕೆನ್ನೆಗೆ ಹೊಡೆಯಬೇಕು ಅನಿಸಿತು, ಹೊಡೆಯಲಿಲ್ಲ.

ಬಸ್ ಸ್ಟಾಪಿನಲ್ಲಿ ಮೂವರೂ ನಿಂತಿದ್ದೆವು. ತಮ್ಮನ ಕೈ ಕಂಬ ಹಿಡಿದುಕೊಂಡಿದ್ದರೂ ನಡುಗುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅವನನ್ನು ಮೇಲಿನಿಂದ ಕೆಳಗೆ ನೋಡಿ ಮೂಗಿಗೆ ಸೆರಗು ಹಿಡಿದು ಆಚೆ ಸರಿದಳು. ಅವನು ನಕ್ಕ. "ನೋಡಿದ್ಯಾ ಅಕ್ಕಾ, ಕುಡೀದೇನೇ ಕುಡುಕ ಆದೆ. ಅಪ್ಪ ಆದ್ರೂ ಕುಡಿದ ಸುಖ ಪಟ್ಟಿದ್ದ."

ಅಕ್ಕ ಅವನ ಅಂಗಿಯ ಕಾಲರು ಸರಿಮಾಡಿದರು. ಅವನೇ ಮತ್ತೆ ಕೇಳಿದ: "ಆ ಡಾಕ್ಟ್ರು ಬರೆದದ್ದನ್ನ ಎಷ್ಟು ವರ್ಷ ಇಡ್ತಾರೆ? ನಿಮ್ಮಲ್ಲಿ ಎಲ್ಲದಕ್ಕೂ ಒಂದು ಲೆಕ್ಕ ಇರುತ್ತಲ್ಲ."

ಶಾಶ್ವತ. ವೈದ್ಯಕೀಯ ಕಡತದ ಸಾಲಿಗೆ ನನ್ನದೇ ಬೆರಳು ಹೊಡೆದ ಪದ, ಅಕ್ಕನ ಎದುರಿಗೇ ಹೊಡೆದದ್ದು. ನಾನು ರಸ್ತೆಯ ಕಡೆ ನೋಡಿದೆ.

"ಮೂರು ವರ್ಷ" ಎಂದರು ಅಕ್ಕ. "ಆಮೇಲೆ ಹರಿದು ಹಾಕ್ತಾರೆ."

ಹನ್ನೆರಡು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು. ಅವನು ಬೆರಳು ಮಡಚಿ ಎಣಿಸಿದ. "ಮೂರು ವರ್ಷ ತಾನೇ? ತಡ್ಕೊಬಹುದು ಬಿಡು" ಎಂದ. ಬಸ್ಸು ಬಂತು, ಅಕ್ಕ ಅವನ ತೋಳು ಹಿಡಿದು ಹತ್ತಿಸಿದರು.

ಅವನಿಗೆ ಎರಡು ವರ್ಷವೂ ಸಿಗಲಿಲ್ಲ. ಅವನು ಹೋದ ಮೇಲೆ ಬೀಗದಕ್ಕ ಅವಧಿಗೆ ಮೊದಲೇ ಕೆಲಸ ಬಿಟ್ಟರು. ಹೊರಡುವ ದಿನ ಕುತ್ತಿಗೆಯ ದಾರ ಬಿಚ್ಚಿ ಬೀಗದಕೈಯನ್ನು ನನ್ನ ಮೇಜಿನ ಮೇಲಿಟ್ಟರು. ದಾರ ಇದ್ದ ಜಾಗದಲ್ಲಿ ಬಿಳಿಯ ಗೆರೆಯೊಂದು ಕಾಣುತ್ತಿತ್ತು. ಟೇಪಿನ ಬೀರು, ಹಿಂದಿನ ಕಡತದ ಕೋಣೆ, ಎರಡೂ ನನ್ನ ಪಾಲಿಗೆ ಬಂದವು.

ವಿಚಾರಣೆಯಾಗಿ ಸರಿಯಾಗಿ ಮೂರು ವರ್ಷ ತುಂಬಿದ ದಿನ ಬೆಳಿಗ್ಗೆ ಅವರು ಕಿಟಕಿಯ ಹೊರಗೆ ನಿಂತಿದ್ದರು, ತಮ್ಮ ನಿಲ್ಲುತ್ತಿದ್ದ ಜಾಗದಲ್ಲೇ. ಕೈಯಲ್ಲೊಂದು ಬಟ್ಟೆಯ ಚೀಲ. ಕೂದಲು ಪೂರಾ ನರೆತಿತ್ತು. ಒಳಗೆ ಕರೆದರೆ ಬರಲಿಲ್ಲ.

"ಇವತ್ತಿಗೆ ಮೂರು ವರ್ಷ ಆಯ್ತು" ಎಂದರು. "ಅವನ ಕಡತ ಹರಿದು ಹಾಕಿದ್ರಾ?"

ಅವರಿಗೆ ನಿಯಮ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ಆದರೂ ಕೇಳಲು ಎರಡು ಬಸ್ಸು ಬದಲಿಸಿ ಬಂದಿದ್ದರು.

"ಹಾಕಿದ್ವಿ ಅಕ್ಕಾ" ಎಂದೆ.

ಅವರು ತಲೆಯಾಡಿಸಿದರು. ಒಂದು ಕ್ಷಣ ಮುಖ ಸಡಿಲವಾಯಿತು ಅನಿಸಿತು. ಆಮೇಲೆ ಕೇಳಿದರು:

"ಪುಸ್ತಕದಲ್ಲಿ ಬರೆದ್ಯಾ?"

ನಾನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದೆ. ಅವರು ಕಾದರು. ಅವಸರ ಮಾಡಲಿಲ್ಲ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬರೀದೇ ಇದ್ರೆ ಇನ್ನೂ ಇದೆ ಅಂತ ಅರ್ಥ ಕಣೋ" ಎಂದು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಗೇಟಿನ ಕಡೆ ನಡೆದರು.

ಅವರು ಹೋದ ಮೇಲೆ ನಾನು ಹಿಂದಿನ ಕೋಣೆಗೆ ಹೋದೆ. ಕಡತ ಇದ್ದಲ್ಲೇ ಇತ್ತು, ಹುಳ ಕೂಡ ಮುಟ್ಟಿರಲಿಲ್ಲ. ತೆರೆದು ಆ ಸಾಲು ಓದಿದೆ. ಹಾಳೆಯ ಮೂಲೆ ಎರಡು ಬೆರಳಲ್ಲಿ ಹಿಡಿದೆ. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು ನನಗೆ. ಕಡತವನ್ನು ಮತ್ತೆ ಅದರ ಜಾಗದಲ್ಲಿಟ್ಟೆ. ಹೊರಗೆ ಬಂದು ಬೀಗ ಹಾಕಿ, ಒಂದು ಸಲ ಎಳೆದು ನೋಡಿದೆ.